ಫೌಝಿಯಾ ಟೀಚರ್ ಮತ್ತು ಹೆಡ್‌ಲೈಟಿನೊಳಗಿನ ನೀರು

ಫೌಝಿಯಾ ಟೀಚರ್ ಬಲಗಡೆಯ ಹೆಡ್‌ಲೈಟಿನ ಗಾಜನ್ನು ಹೆಬ್ಬೆರಳಿನಿಂದ ಉಜ್ಜಿದರು. ಹನಿಗಳು ಹೋಗಲಿಲ್ಲ. ಶಾಲಿನ ತುದಿಯಿಂದ ಒರೆಸಿ ನೋಡಿದರು. ಆಗಲೂ ಹೋಗಲಿಲ್ಲ.

"ಒಳಗೆ ಉಂಟು," ಎಂದರು. ನನಗೆ ಹೇಳಿದ್ದಲ್ಲ, ಕಾರಿಗೇ ಹೇಳಿದ ಹಾಗಿತ್ತು.

ಅದು 2017ರ ಜೂನ್ ತಿಂಗಳು. ನನಗೆ ನಲವತ್ತಮೂರು ವರ್ಷ. ಕುಂಬಳೆ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಕೊನೆಗೂ ಧೈರ್ಯ ಮಾಡಿ ಉಪ್ಪಳಕ್ಕೆ ಕಾರು ಕಲಿಯಲು ಬಂದಿದ್ದೆ. ಅವರು ನನ್ನನ್ನು ಕಮಲ ಟೀಚರ್ ಎನ್ನುತ್ತಿದ್ದರು, ನಾನು ಅವರನ್ನು ಫೌಝಿಯಾ ಟೀಚರ್ ಎನ್ನುತ್ತಿದ್ದೆ. ಅಂದು ನನ್ನ ನಾಲ್ಕನೇ ಕ್ಲಾಸು. ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆ ಸ್ವಲ್ಪ ಬಿಟ್ಟಿತ್ತು. ಲೈಟಿನ ಗಾಜಿನ ಒಳಮೈಯಲ್ಲಿ ಮಂಜು ಹಿಡಿದು, ಅಲ್ಲಲ್ಲಿ ಹನಿಗಟ್ಟಿತ್ತು.

"ಕಣ್ಣಿಗೆ ಪೊರೆ ಬಂದ ಹಾಗೆ ಕಾಣ್ತದೆ," ಎಂದೆ ನಾನು.

ಅವರು ಜೋರಾಗಿ ನಕ್ಕರು. "ಉಮ್ಮಾಗೆ ಮೊನ್ನೆ ಮೊನ್ನೆ ಆಪರೇಷನ್ ಮಾಡಿಸಿದ್ದು. ಈಗ ಇದಕ್ಕೆ ಬೇರೆ ಮಾಡಿಸ್ಬೇಕಾ?"

ಉಮ್ಮ ಎಂದರೆ ಅವರ ಗಂಡನ ತಾಯಿ ಹಲೀಮಾ. ಫೌಝಿಯಾ ಟೀಚರ್ ಕಾರು ಕಲಿತದ್ದೇ ಹಲೀಮಾರನ್ನು ಮಂಗಳೂರಿನ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಲು. ಗಂಡ ರಾಶಿದ್ ಶಾರ್ಜಾದಲ್ಲಿ ವಾಹನಗಳ ಬಿಡಿಭಾಗದ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷದಿಂದ ಕೆಲಸಕ್ಕಿದ್ದರು. ಮನೆಯಲ್ಲಿ ಬೇರೆ ಗಂಡಸರಿಲ್ಲ. ಪ್ರತಿ ಸಲವೂ ಬಾಡಿಗೆ ಕಾರಿಗೆ ಫೋನು ಮಾಡಿ, ಅದು ಬರುವ ಹೊತ್ತಿಗೆ ಡಾಕ್ಟರ ಹೊತ್ತು ಮೀರಿ, ಹೀಗೆ ಎರಡು ವರ್ಷ ಕಳೆದ ಮೇಲೆ "ನಾನೇ ಕಲೀತೇನೆ" ಎಂದು ಹೊರಟವರು ಅವರು.

ಕಲಿಯುವಾಗ ಒಂದು ಘಟನೆ ನಡೆಯಿತಂತೆ. ಕಲಿಸುವಾತನನ್ನು ಅವರು ಕೇಳಿದರು: "ಈ ಕ್ಲಚ್ ಒತ್ತಿದರೆ ಒಳಗೆ ಎಂತ ಆಗುವುದು?" ಆತ ಹೇಳಿದ: "ನಿಮಗೆ ಅದೆಲ್ಲ ಯಾಕೆ? ಒತ್ತಿದರೆ ಸಾಕು."

"ನನಗೆ ಅದೊಂದು ಮಾತು ಹೊಟ್ಟೆಯಲ್ಲೇ ಉಳೀತು," ಎಂದಿದ್ದರು ಮೊದಲ ಕ್ಲಾಸಿನ ದಿನವೇ. ಅವತ್ತು ಕಾರು ಹತ್ತಿಸುವ ಮುಂಚೆ ನನ್ನನ್ನು ಮನೆಯ ಜಗಲಿಯಲ್ಲಿ ಕೂರಿಸಿ, ಎರಡು ಸ್ಟೀಲ್ ಬಟ್ಟಲು ತಂದರು. ತಳಕ್ಕೆ ತಳ ತಾಗಿಸಿ ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತಿತ್ತು. ಸ್ವಲ್ಪ ದೂರ ಮಾಡಿದರೆ ಒಂದು ತಿರುಗುತ್ತಲೇ ಇತ್ತು, ಇನ್ನೊಂದು ಸುಮ್ಮನಿತ್ತು. "ಇಷ್ಟೇ ಕ್ಲಚ್ಚು. ಇನ್ನು ಒತ್ತಿ," ಎಂದರು. ಅಷ್ಟು ವರ್ಷ ಬಸ್ಸಿನಲ್ಲಿ ಡ್ರೈವರನ ಕಾಲನ್ನೇ ನೋಡುತ್ತ ಕೂತಿದ್ದ ನನಗೆ ಅಂದು ಮೊದಲ ಸಲ ಏನೋ ಅರ್ಥವಾಯಿತು. ಕಲಿಸುವ ಲೈಸೆನ್ಸ್ ಮಾಡಿಸಿಕೊಂಡು 2013ರಲ್ಲಿ ಅವರು ಹೆಂಗಸರಿಗಾಗಿಯೇ ಈ ಕ್ಲಾಸು ಶುರು ಮಾಡಿದ್ದರು. ಒಂದೇ ಕಾರು, ಬಿಳಿಯದು, ಚಿಕ್ಕದು. ಅವರ ಕಾಲಿನ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು. ಶುಕ್ರವಾರ ರಜೆ.

ಹೆಡ್‌ಲೈಟಿನ ಬಲ್ಬು ಹೊಸದು. ಎಪ್ರಿಲ್‌ನಲ್ಲಿ ಊರಿಗೆ ಬಂದ ಯಾರದೋ ಕೈಯಲ್ಲಿ ರಾಶಿದ್ ಕಳಿಸಿಕೊಟ್ಟಿದ್ದರು. ಹಾಲಿನಂಥ ಬಿಳಿ ಬೆಳಕಿನ ಎಲ್‌ಇಡಿ ಜೋಡಿ. ಹಿಂಬದಿಯಲ್ಲಿ ಬೆರಳುಗುರಿನಷ್ಟು ದೊಡ್ಡ ರೆಕ್ಕೆಗಳ ಪುಟ್ಟ ಫ್ಯಾನು. ಒಂದು ಸಂಜೆ ಮಂಗಳೂರಿನಿಂದ ಉಮ್ಮನ ಜೊತೆ ಬರುವಾಗ ತಲಪಾಡಿ ದಾಟಿದ ಮೇಲೆ ಮಳೆ ಹಿಡಿದು, ರಸ್ತೆಯೇ ಕಾಣದೆ ಅವರು ಒಂದು ಗಂಟೆ ಬದಿಗೆ ನಿಲ್ಲಿಸಿದ್ದರಂತೆ. ಅದನ್ನು ಫೋನಿನಲ್ಲಿ ಕೇಳಿದ ರಾಶಿದ್, ಏನೂ ಹೇಳದೆ ಬಲ್ಬು ಕಳಿಸಿದ್ದರು.

ಹಾಕಿಕೊಟ್ಟದ್ದು ಹೈವೇ ಬದಿಯ ಲೋಕನಾಥ. ಮೂವತ್ತು ವರ್ಷದಿಂದ ವಾಹನಗಳ ವಯರಿಂಗ್ ಕೆಲಸ ಮಾಡುವವರು. ಬಲ್ಬು ಕೂರಿಸಿದ ಮೇಲೆ ಹಿಂದಿನಿಂದ ಮುಚ್ಚುವ ಕಪ್ಪು ರಬ್ಬರಿನ ಟೊಪ್ಪಿ ಫ್ಯಾನಿನ ಮೇಲೆ ಕೂರಲಿಲ್ಲ. ಲೋಕನಾಥ ಬ್ಲೇಡಿನಿಂದ ಅದರ ನಡುವೆ ದೊಡ್ಡ ತೂತು ಕೊರೆದು, ಫ್ಯಾನನ್ನು ಹೊರಗೆ ಬಿಟ್ಟು ಸಿಕ್ಕಿಸಿದರು. "ಫ್ಯಾನಿಗೆ ಗಾಳಿ ಬೇಕಲ್ಲ ಮೇಡಂ," ಎಂದರಂತೆ. ಆಗ ಬೇಸಿಗೆ. ಯಾರಿಗೂ ಏನೂ ಅನಿಸಲಿಲ್ಲ.

ಈಗ ಮಂಜು ಹಿಡಿದ ಲೈಟನ್ನು ನೋಡಿ ಲೋಕನಾಥ ತಲೆ ಕೆರೆದುಕೊಂಡರು. ಕ್ಲಾಸಿನ ನಡುವೆಯೇ ನಾವು ಅಲ್ಲಿಗೆ ಹೋಗಿದ್ದೆವು, ನಾನೇ ಓಡಿಸಿಕೊಂಡು, ಹೈವೇಯಲ್ಲಿ ಮೊದಲ ಸಲ.

"ಹಿಂದಿನಿಂದ ನೀರು ಹೋಗಿದೆ. ನಾಳೆ ತನ್ನಿ, ಎರಡನ್ನೂ ಬಿಚ್ಚಿ ಒಣಗಿಸಿ ಸಿಲಿಕೋನ್ ಹಾಕಿಬಿಡ್ತೇನೆ. ಮತ್ತೆ ಇರುವೆ ಸಹ ಒಳಗೆ ಹೋಗ್ಲಿಕ್ಕಿಲ್ಲ."

ಹಾಗೆಯೇ ಮಾಡಿದರು. ರಬ್ಬರಿನ ತೂತಿನ ಸುತ್ತ, ವಯರಿನ ಸುತ್ತ, ಹಿಂಬದಿಯಲ್ಲಿ ಎಲ್ಲೆಲ್ಲಿ ಸಂದು ಕಂಡಿತೋ ಅಲ್ಲೆಲ್ಲ ಬಿಳಿ ಅಂಟು ಮೆತ್ತಿದರು. ಎರಡು ದಿನ ಗಾಜು ಕನ್ನಡಿಯ ಹಾಗಿತ್ತು. ಮೂರನೇ ದಿನ ಮತ್ತೆ ಮಂಜು ಹಿಡಿಯಿತು. ಐದನೇ ದಿನ ನಾನು ಕ್ಲಾಸಿಗೆ ಬಂದಾಗ ಬಲಗಡೆಯ ಲೈಟಿನ ತಳದಲ್ಲಿ ಒಂದು ಚಮಚದಷ್ಟು ನೀರೇ ನಿಂತಿತ್ತು. ಕಾರು ತಿರುಗಿದಾಗ ಅದು ಅತ್ತಿತ್ತ ಹರಿಯುವುದು ಕಾಣುತ್ತಿತ್ತು.

ಲೋಕನಾಥ ಈ ಸಲ ಗಂಭೀರವಾಗಿ ಹೇಳಿದರು: "ಲ್ಯಾಂಪೇ ಹೋಗಿದೆ ಮೇಡಂ. ಹೊಸದು ಹಾಕುವ. ಟೆಸ್ಟಿನ ದಿನ ಇನ್‌ಸ್ಪೆಕ್ಟರ್ ನೋಡಿದರೆ ಸುಮ್ಮನಿರುವುದಿಲ್ಲ."

"ಒಂದು ವಾರ ಬಿಡಿ," ಎಂದರು ಫೌಝಿಯಾ ಟೀಚರ್. ಕಾರಿಗೆ ಬಂದು ಕುಳಿತು ನನ್ನನ್ನು ಕೇಳಿದರು: "ತೂತು ಇರುವಾಗ ಬರೀ ಮಂಜು. ಎಲ್ಲ ಮುಚ್ಚಿದ ಮೇಲೆ ನೀರು. ಇದು ಹೇಗೆ ಕಮಲ ಟೀಚರ್?"

ನಾನು ಗೇರು ಹಾಕುವುದರಲ್ಲಿ ಮುಳುಗಿದ್ದೆ. ಅವರ ಮುಖದಲ್ಲಿ ಬೇಸರವಿರಲಿಲ್ಲ ಎನ್ನುವುದು ಮಾತ್ರ ನೆನಪಿದೆ. ಮಕ್ಕಳ ಪೈಕಿ ಒಬ್ಬೊಬ್ಬರು ಇರುತ್ತಾರೆ, ಲೆಕ್ಕಕ್ಕೆ ಉತ್ತರ ತಪ್ಪು ಬಂದಾಗ ಅಳುವ ಬದಲು ಪುಸ್ತಕವನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುವವರು. ಅಂಥ ಮುಖ.

ಅಂದಿನಿಂದ ಹಾಜರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯತೊಡಗಿದರು. ನಾನು ನೋಡಿದ್ದೇನೆ. ಮಲಯಾಳ ಅಕ್ಷರಗಳ ನಡುವೆ ಕನ್ನಡ ಅಂಕಿ. ಬೆಳಿಗ್ಗೆ ಆರಕ್ಕೆ ಹೇಗಿತ್ತು, ಎರಡು ಕ್ಲಾಸು ಮುಗಿದ ಮೇಲೆ ಹೇಗಿತ್ತು, ಕಾರು ತೊಳೆದ ಮೇಲೆ ಹೇಗಿತ್ತು. ಒಂದು ವಾರದಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಕಾರು ಓಡಿ ಬಂದು, ಬಾನೆಟ್ಟು ಬಿಸಿಯಾಗಿರುವಾಗ ಮಳೆ ಬಿದ್ದರೆ ಅಂದು ನೀರು ಜಾಸ್ತಿ. ಇಡೀ ದಿನ ಮಳೆಯಲ್ಲೇ ನಿಂತಿದ್ದರೂ ಕಾರು ತಣ್ಣಗಿದ್ದರೆ ಕಡಿಮೆ.

ಆ ಶುಕ್ರವಾರ ಅವರು ಮಾಡಿದ ಕೆಲಸವನ್ನು ಹಲೀಮಾ ನನಗೆ ನಗುತ್ತ ವಿವರಿಸಿದರು. ಎಡಗಡೆಯ ಲೈಟಿಗೆ ಮಾತ್ರ ಹಳೆಯ ಬಲ್ಬು ಹಾಕಿದರಂತೆ, ಹಿಂದಿನಿಂದ ಅಂಟು ಬಿಡಿಸಿ, ಮತ್ತೆ ಮೆತ್ತಿ. ಬಲಗಡೆ ಹೊಸದೇ ಇತ್ತು. ಬಾವಿಕಟ್ಟೆಯಿಂದ ನೀರು ಸೇದಿ ಎರಡೂ ಗಾಜುಗಳ ಮೇಲೆ ಚೆಂಬು ಚೆಂಬು ಸುರಿದರು. ಎರಡರಲ್ಲೂ ಒಂದೇ ಥರ ಮಂಜು ಹಿಡಿಯಿತು. ಆಮೇಲೆ ಇಂಜಿನ್ ಚಾಲೂ ಮಾಡಿ ಎರಡು ಲೈಟನ್ನೂ ಹೊತ್ತಿಸಿ, ಕಾಲುಗಂಟೆ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ನಡುನಡುವೆ ಒಂದೊಂದು ಅಂಗೈಯನ್ನು ಒಂದೊಂದು ಗಾಜಿಗೆ ಒತ್ತಿ ನೋಡುತ್ತಿದ್ದರು.

"ಆಚೆ ಮನೆಯವರು ಬಂದು ಕೇಳಿದರು, ಸೊಸೆಗೆ ಎಂತ ಆಗಿದೆ ಅಂತ," ಎಂದರು ಹಲೀಮಾ. "ನಾನು ಹೇಳಿದೆ, ಕಾರಿಗೆ ಜ್ವರ ನೋಡ್ತಾ ಇದ್ದಾಳೆ ಅಂತ."

ಎಡಗಡೆಯ ಗಾಜು ಬಿಸಿಯಾಗಿ ಮಂಜು ನಡುವಿನಿಂದ ಬಿಚ್ಚಿಕೊಳ್ಳುತ್ತ ಹೋಯಿತು. ಬಲಗಡೆಯ ಗಾಜು ಕಾಲುಗಂಟೆಯಾದರೂ ತಣ್ಣಗೇ ಇತ್ತು. ಬೆಳಕು ಎರಡರಷ್ಟು, ಮಂಜು ಹಾಗೆಯೇ.

ಮರುದಿನ ಕ್ಲಾಸಿನಲ್ಲಿ ನಾನು ಕೂರುವ ಮೊದಲೇ ಹೇಳಿದರು: "ಹಳೇ ಬಲ್ಬು ಬರೀ ಬೆಳಕು ಕೊಡ್ತಾ ಇರ್ಲಿಲ್ಲ, ಒಣಗಿಸ್ತಾ ಸಹ ಇತ್ತು! ಹೊಸತರ ಬಿಸಿ ಎಲ್ಲ ಹಿಂದಿನಿಂದ ಫ್ಯಾನಿನಲ್ಲಿ ಹೋಗ್ತದೆ. ಗಾಜಿಗೆ ಎಂತದೂ ಸಿಗುವುದಿಲ್ಲ."

"ಹಾಗಾದರೆ ಗೊತ್ತಾಯಿತಲ್ಲ," ಎಂದೆ.

"ಅರ್ಧ ಗೊತ್ತಾಯ್ತು. ಮಂಜು ಯಾಕೆ ಹೋಗುವುದಿಲ್ಲ ಅಂತ ಗೊತ್ತಾಯ್ತು. ನೀರು ಹೇಗೆ ಬರ್ತದೆ ಅಂತ ಗೊತ್ತಾಗ್ಲಿಲ್ಲ."

ಉಳಿದರ್ಧಕ್ಕೆ ಅವರು ರಾಶಿದ್‌ರನ್ನೇ ಕೇಳಬೇಕಿತ್ತು. ಆದರೆ ಕೇಳಲು ಹಿಂಜರಿದರು. ಬಲ್ಬು ಅವರು ಪ್ರೀತಿಯಿಂದ ಕಳಿಸಿದ್ದು. ಅದರಿಂದ ತೊಂದರೆಯಾಯಿತು ಎಂದು ಹೇಳುವುದು ಹೇಗೆ?

ರಾಶಿದ್ ದಿನವೂ ಮಧ್ಯಾಹ್ನ ಫೋನು ಮಾಡುತ್ತಿದ್ದರು. ಶಾರ್ಜಾದಲ್ಲಿ ಅಂಗಡಿಯ ಊಟದ ಬಿಡುವು, ಇಲ್ಲಿ ಮೂರೂವರೆ ಗಂಟೆ. ಊಟ ಆಯ್ತಾ, ಉಮ್ಮ ಹೇಗಿದ್ದಾರೆ, ಮಳೆ ಉಂಟಾ. ಹದಿನೆಂಟು ವರ್ಷದಿಂದ ಅವೇ ಮೂರು ಪ್ರಶ್ನೆ. "ಒಳ್ಳೇ ಮನುಷ್ಯ," ಎಂದಿದ್ದರು ಫೌಝಿಯಾ ಟೀಚರ್ ಒಮ್ಮೆ ನನ್ನೊಡನೆ. "ಆದರೆ ಮೂರು ಉತ್ತರ ಕೊಟ್ಟ ಮೇಲೆ ಇಬ್ಬರೂ ಸುಮ್ಮನೆ ಮುಖ ನೋಡ್ತಾ ಕೂತ್ಕೊಳ್ಳುವುದು. ನೆಟ್ ಕಟ್ ಆದರೆ ಇಬ್ಬರಿಗೂ ಸಮಾಧಾನ."

ಆ ದಿನ ಅವರು ಮಳೆಯ ಪ್ರಶ್ನೆಗೆ ಉತ್ತರ ಕೊಡುವಾಗ ಲೈಟಿನ ವಿಷಯ ಹೇಳಿಬಿಟ್ಟರು. ಬೈಗುಳವೋ ಬೇಸರವೋ ಬರುತ್ತದೆಂದು ಕಾಯ್ದರು. ಆಚೆಯಿಂದ ಬಂದದ್ದು ಇನ್ನೊಂದು ಪ್ರಶ್ನೆ: "ಲ್ಯಾಂಪಿನ ಹಿಂದೆ ಮೇಲೊಂದು ಕೆಳಗೊಂದು ಸಣ್ಣ ರಬ್ಬರ್ ಪೈಪು ಉಂಟಲ್ಲ, ಮೊಣಕೈ ಹಾಗೆ ಬಗ್ಗಿದ್ದು? ಅದು ಉಂಟಾ ನೋಡು."

ಅವರು ಫೋನು ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಾನೆಟ್ಟು ಎತ್ತಿದರು. ಪೈಪು ಇತ್ತು. ಅದರ ಬಾಯಿಗೂ ಲೋಕನಾಥ ಬಿಳಿ ಅಂಟು ತುಂಬಿದ್ದರು.

"ಅದು ಎಂತಕ್ಕೆ ಇರುವುದು?" ಎಂದು ಕೇಳಿದರು ಫೌಝಿಯಾ ಟೀಚರ್.

ರಾಶಿದ್ ಹೇಳಿದರು: "ಹದಿನೆಂಟು ವರ್ಷ ಆಯ್ತು ನಾನು ಇದನ್ನು ಮಾರುವುದು. ಯಾವ ಕಾರಿಗೆ ಯಾವುದು ಅಂತ ಕಣ್ಣು ಮುಚ್ಚಿ ಹೇಳ್ತೇನೆ. ಎಂತಕ್ಕೆ ಅಂತ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಾಳೆ ಹೇಳ್ತೇನೆ, ಆಗದಾ?"

ಮರುದಿನ ಫೋನು ಬರಲಿಲ್ಲ, ಬದಲಿಗೆ ಒಂದು ವೀಡಿಯೊ ಬಂತು. ಫೌಝಿಯಾ ಟೀಚರ್ ಅದನ್ನು ನನಗೆ ಕಾರಿನಲ್ಲೇ ತೋರಿಸಿದರು. ಅಂಗಡಿಯ ಹಿಂದಿನ ಕೋಣೆ. ಮೇಜಿನ ಮೇಲೆ ಹೊಸ ಹೆಡ್‌ಲೈಟು, ಪಕ್ಕದಲ್ಲಿ ಬ್ಯಾಟರಿ. ಹಳೆಯ ಮಾದರಿಯ ಬಲ್ಬು ಹಾಕಿ ರಬ್ಬರ್ ಟೊಪ್ಪಿ ಮುಚ್ಚಿದ್ದರು. ಒಂದು ಪೈಪಿನ ಬಾಯಿಗೆ ಟೇಪು. ಇನ್ನೊಂದರ ಬಾಯಿಗೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಬೆರಳಿನಿಂದ ಸವರಿದರು. ತೆಳ್ಳಗಿನ ಪರದೆಯಂತೆ ನೊರೆ ನಿಂತಿತು. ಲೈಟು ಹೊತ್ತಿಸಿದರು.

ಮೊದಲು ಏನೂ ಇಲ್ಲ. ಆಮೇಲೆ ಆ ಪರದೆ ಮೆಲ್ಲಗೆ ಉಬ್ಬಿತು. ಹಲಸಿನ ಬೀಜದಷ್ಟಾಯಿತು, ನೆಲ್ಲಿಕಾಯಿಯಷ್ಟಾಯಿತು, ಒಡೆಯಿತು. ರಾಶಿದ್‌ರ ಬೆರಳು ಬಂದು ಮತ್ತೆ ಸೋಪು ಸವರಿತು. ಮತ್ತೆ ಉಬ್ಬಿತು. ಈಗ ಲೈಟು ಆರಿಸಿ, ಗಾಜಿನ ಮೇಲೆ ಒದ್ದೆ ಬಟ್ಟೆ ಹಾಕಿದರು. ಉಬ್ಬಿದ್ದ ಗುಳ್ಳೆ ಕುಗ್ಗಿ, ಚಪ್ಪಟೆಯಾಗಿ, ಗಬಕ್ಕನೆ ಪೈಪಿನೊಳಗೆ ಸೇರಿಹೋಯಿತು.

ಕ್ಯಾಮೆರಾ ತಿರುಗಿತು. ನಲವತ್ತಾರು ವರ್ಷದ, ಅರ್ಧ ನರೆತ ಗಡ್ಡದ ಮುಖ ಇಡೀ ಪರದೆ ತುಂಬಿ ನಗುತ್ತಿತ್ತು. ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಫೌಝಿಯಾ ಟೀಚರ್ ನನಗೆ ಅದನ್ನು ಕನ್ನಡ ಮಾಡಿದರು: "ಉಸಿರಾಡ್ತದೆ ಮಾರಾಯ್ತಿ, ಲೈಟು ಉಸಿರಾಡ್ತದೆ!"

ಅವರು ಆ ವೀಡಿಯೊವನ್ನು ಎಷ್ಟು ಸಲ ನೋಡಿದ್ದರೋ ಗೊತ್ತಿಲ್ಲ. ನನ್ನ ಮುಂದೆಯೇ ನಾಲ್ಕು ಸಲ ನೋಡಿದರು. ಮೂರು ಸಲ ಗುಳ್ಳೆಗಾಗಿ. ನಾಲ್ಕನೇ ಸಲ ಕೊನೆಯ ಭಾಗವನ್ನು ಮಾತ್ರ.

ಅಲ್ಲಿಗೆ ಎಲ್ಲವೂ ಒಂದಕ್ಕೊಂದು ಕೂಡಿಬಂತು. ಲೈಟಿನೊಳಗಿನ ಗಾಳಿ ಬಿಸಿಯಾದಾಗ ಹಿಗ್ಗಿ ಹೊರಗೆ ಹೋಗಬೇಕು, ತಣಿದಾಗ ಹೊರಗಿನ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಕೆಳಮುಖವಾಗಿ ಬಗ್ಗಿಸಿದ ಪೈಪು, ನೀರು ಬೀಳದ ಹಾಗೆ. ಆ ದಾರಿಯನ್ನು ಮುಚ್ಚಿದ ಮೇಲೆ, ಇಂಜಿನ್ನಿನ ಕಾವಿಗೆ ಬಿಸಿಯಾದ ಲೈಟು ಮಳೆ ಬಿದ್ದು ತಣಿದಾಗ ಸಿಕ್ಕ ಸಂದಿನಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಕೊರೆದ ರಬ್ಬರಿಗೆ ಮೆತ್ತಿದ ಅಂಟು ಎಲ್ಲೋ ಕೂದಲೆಳೆಯಷ್ಟು ಬಿಟ್ಟಿರಬೇಕು. ಅಲ್ಲಿ ಗಾಳಿಯ ಬದಲು ಮಳೆಯ ನೀರು ನಿಂತಿತ್ತು. ಅದನ್ನೇ ಕುಡಿಯಿತು. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿಯೂ ಇಲ್ಲ, ಒಣಗಲು ಬಿಸಿಯೂ ಇಲ್ಲ.

ಲೋಕನಾಥರಿಗೆ ಹೇಳುವುದು ಸುಲಭವಿರಲಿಲ್ಲ. ಮೂವತ್ತು ವರ್ಷದ ಕೆಲಸಗಾರ. ಇವರು ಬಾನೆಟ್ಟು ಎತ್ತಿ ಪೈಪು ತೋರಿಸಿದಾಗ ಅವರ ಮುಖ ಬಿಗಿಯಿತು.

"ಮೇಡಂ, ನೀರು ಬರಬಾರದು ಅಂತ ಹೇಳಿದ್ದು ನೀವೇ. ನಾನು ಎಲ್ಲ ಮುಚ್ಚಿದೆ."

"ತಪ್ಪು ಅಂತ ನಾನು ಹೇಳ್ಲೇ ಇಲ್ಲ. ಇದನ್ನೊಂದು ನೋಡಿ ಲೋಕನಾಥಣ್ಣ, ಮತ್ತೆ ಮಾತಾಡುವ," ಎಂದು ಫೋನು ಕೊಟ್ಟರು.

ಲೋಕನಾಥ ಕೈಯನ್ನು ಅಂಗಿಗೆ ಒರೆಸಿ ಫೋನು ಹಿಡಿದರು. ನಿಂತು ನೋಡಿದರು. ಎರಡನೇ ಸಲ ಸ್ಟೂಲಿನ ಮೇಲೆ ಕೂತು ನೋಡಿದರು. ಗುಳ್ಳೆ ಒಳಗೆ ಹೋಗುವಾಗ "ಓ!" ಎಂದರು.

"ಇದು ಇರುವುದು ನೀರು ಹೊರಗೆ ಹೋಗ್ಲಿಕ್ಕೆ ಅಂತ ಅಂದಾಜು ಮಾಡಿದ್ದೆ ಮೇಡಂ. ಹೊರಗೆ ಹೋಗುವ ದಾರಿಯಲ್ಲಿ ಒಳಗೂ ಬರಬಹುದು ಅಂತ ಮುಚ್ಚಿದ್ದು. ಯಾರೂ ನನಗೆ ಹೇಳ್ಲಿಲ್ಲ." ಫೋನು ಹಿಂದೆ ಕೊಡುತ್ತ ಕೇಳಿದರು, "ಇದನ್ನು ನನ್ನ ಫೋನಿಗೆ ಕಳಿಸ್ತೀರಾ?"

ಎರಡೂ ಲೈಟು ಬಿಚ್ಚಿದರು. ನಾನೂ ಅಲ್ಲಿದ್ದೆ. ಕ್ಲಾಸಿನ ಹೊತ್ತು ಅದಕ್ಕೇ ಹೋಯಿತು, ನನಗೆ ಬೇಸರವಾಗಲಿಲ್ಲ. ಅಂಟನ್ನು ಚೂರು ಚೂರಾಗಿ ಕೆರೆದು ತೆಗೆದರು. ಎಡಗಡೆಯ ಕೆಳಗಿನ ಪೈಪಿನಲ್ಲಿ ಅಂಟು ತೆಗೆದ ಮೇಲೂ ಗಾಳಿ ಹೋಗಲಿಲ್ಲ. ಲೋಕನಾಥ ತಂತಿ ತೂರಿಸಿ ಎಳೆದಾಗ ಗಟ್ಟಿ ಮಣ್ಣಿನ ಉಂಡೆಯೊಂದು ಬಿತ್ತು. ಒಡೆದರೆ ಒಳಗೆ ಒಣಗಿದ ಪುಟ್ಟ ಹುಳು. ಮಣ್ಣಿನ ಗೂಡು ಕಟ್ಟುವ ಕಣಜ ಅಲ್ಲಿ ಯಾವಾಗಲೋ ಮನೆ ಮಾಡಿತ್ತು! ಮೂರೂ ಜನ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆವು. "ಪೈಪು ಮುಚ್ಚಲಿಕ್ಕೆ ಇದಕ್ಕೆ ಸಿಲಿಕೋನ್ ಸಹ ಬೇಡ," ಎಂದರು ಲೋಕನಾಥ, ಮತ್ತು ಆ ದಿನ ಮೊದಲ ಸಲ ನಕ್ಕರು.

ಲೈಟುಗಳನ್ನು ಮನೆಗೆ ತಂದೆವು. ಒಣಗಿಸಲು ಬಿಸಿಲು ಎಲ್ಲಿದೆ? ನನ್ನ ಮಗಳ ಕೂದಲು ಒಣಗಿಸುವ ಡ್ರಯರ್ ತಂದುಕೊಟ್ಟೆ. ಹಲೀಮಾ ಅಡಿಗೆಮನೆಯ ಕಟ್ಟೆಯ ಮೇಲೆ ಹಳೆ ಚಾದರ ಹಾಸಿಕೊಟ್ಟರು. ಫೌಝಿಯಾ ಟೀಚರ್ ಬಲ್ಬಿನ ತೂತಿನೊಳಕ್ಕೆ ದೂರದಿಂದ, ಸಣ್ಣ ಬಿಸಿಯಲ್ಲಿ, ಒಂದೂವರೆ ಗಂಟೆ ಗಾಳಿ ಬಿಟ್ಟರು. ಪಕ್ಕದಲ್ಲಿ ಹಲೀಮಾ ಪತ್ತಿರ್, ಅಂದರೆ ಅಕ್ಕಿರೊಟ್ಟಿ, ಸುಡುತ್ತಿದ್ದರು. ಬಿಸಿಬಿಸಿ ಪತ್ತಿರನ್ನು ಡಬ್ಬಿಗೆ ಹಾಕಿ, ಮುಚ್ಚಳವನ್ನು ಒಂದು ಬದಿಗೆ ಸ್ವಲ್ಪ ಓರೆ ಮಾಡಿ ಇಟ್ಟರು.

"ಗಟ್ಟಿ ಮುಚ್ಚಿದರೆ ಮುಚ್ಚಳದಲ್ಲಿ ನೀರು ನಿಂತು ಎಲ್ಲ ಮೆತ್ತಗಾಗ್ತದೆ," ಎಂದರು ನನಗೆ, ಡಬ್ಬಿ ನೋಡುತ್ತಿದ್ದುದಕ್ಕೆ. "ಎಂತಕ್ಕೆ ನಗುವುದು ಇಬ್ಬರೂ?"

"ಉಮ್ಮಾ, ನಿಮ್ಮನ್ನೇ ಮೊದಲು ಕೇಳಬೇಕಿತ್ತು," ಎಂದರು ಫೌಝಿಯಾ ಟೀಚರ್.

ಉಳಿದದ್ದು ಬಲ್ಬಿನ ಪ್ರಶ್ನೆ. ಹೊಸ ಬಲ್ಬು ಇಟ್ಟುಕೊಂಡರೆ ಟೊಪ್ಪಿ ಮುಚ್ಚಲಾಗುವುದಿಲ್ಲ. ದೊಡ್ಡ ಟೊಪ್ಪಿ ಹುಡುಕಿ ಫ್ಯಾನಿನ ಸಮೇತ ಮುಚ್ಚಿದರೆ ಫ್ಯಾನಿಗೆ ಗಾಳಿಯಿಲ್ಲ, ಬಲ್ಬು ಬೇಗ ಹಾಳಾಗುತ್ತದೆ. ಬಿಟ್ಟರೆ ಮಳೆ. ಈ ಲೈಟನ್ನು ಮಾಡಿದವರು ಬೇರೊಂದು ಬಲ್ಬಿಗೆಂದು ಮಾಡಿದ್ದರು, ಅದರ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದು. ಫೌಝಿಯಾ ಟೀಚರಿಗೆ ಉತ್ತರ ಗೊತ್ತಿತ್ತು. ಆದರೂ ಮೂರು ದಿನ ಕಾರು ಲೈಟಿಲ್ಲದೆ ಅಂಗಳದಲ್ಲಿ ನಿಂತಿತ್ತು. ಆ ಮೂರು ದಿನ ನಾನು ಬಸ್ಸಿನಲ್ಲಿ ಬಂದು, ಕಾಫಿ ಕುಡಿದು, ಬಸ್ಸಿನಲ್ಲಿ ಹಿಂದೆ ಹೋದೆ.

ಮೂರನೇ ದಿನ ಶಾಲೆಗೆ ರಜೆ ಇತ್ತು. ಮಧ್ಯಾಹ್ನ ನಾನಿರುವಾಗಲೇ ಫೋನು ಬಂತು. ನಾನು ಏಳಲು ಹೊರಟೆ. ಕೂರಿ ಎಂದು ಕೈ ಮಾಡಿದರು. ಏನು ಮಾತಾಡಿದರೆಂದು ಆಮೇಲೆ ಹೇಳಿದರು. ಬೆಳಕು ತುಂಬ ಚೆನ್ನಾಗಿತ್ತು, ರಸ್ತೆಯ ಅಂಚಿನ ಹುಲ್ಲು ಸಹ ಕಾಣುತ್ತಿತ್ತು ಎಂದು ಮೊದಲು ಹೇಳಿದರಂತೆ. ಆಮೇಲೆ, ಅದನ್ನು ತೆಗೆಯುತ್ತೇನೆ ಎಂದರಂತೆ.

ರಾಶಿದ್‌ರಿಗೆ ನೋವಾಗಿತ್ತೋ ಏನೋ. ಅವರು ಕೇಳಿದ್ದು ಇಷ್ಟೇ: "ನಿನಗೆ ರಸ್ತೆ ಕಾಣ್ಬೇಕಲ್ಲ?"

"ಗಾಜು ಸ್ವಚ್ಛ ಇದ್ದರೆ ಹಳೇ ಬಲ್ಬಿನಲ್ಲೂ ಕಾಣ್ತದೆ. ಮಳೆ ಜೋರಾದರೆ ನಿಲ್ಲಿಸ್ತೇನೆ. ಒಂದು ಗಂಟೆ ತಡವಾದರೆ ಎಂತ ಆಗುವುದು?"

"ಆಯ್ತು. ಹಾಕುವಾಗ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡ."

"ಯಾಕೆ?"

ಈ ಸಲ ರಾಶಿದ್ ನಕ್ಕರು. ಉತ್ತರ ಅವರಿಗೆ ಗೊತ್ತಿತ್ತು. ಬೆರಳಿನ ಜಿಡ್ಡು ಗಾಜಿಗೆ ಅಂಟಿದರೆ ಆ ಜಾಗ ಹೆಚ್ಚು ಕಾದು ಬಲ್ಬು ಬೇಗ ಒಡೆಯುತ್ತದೆ. ಗೊತ್ತಿದ್ದ ಸಂತೋಷಕ್ಕೆ ಎರಡೆರಡು ಸಲ ವಿವರಿಸಿದರಂತೆ. ಅಂದು ಅವರ ಮಾತು ಮುಗಿಯುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು.

ಹೊಸ ರಬ್ಬರ್ ಟೊಪ್ಪಿಗಳನ್ನು ಲೋಕನಾಥ ಮಂಗಳೂರಿನಿಂದ ತರಿಸಿಕೊಟ್ಟರು. ಹಾಕಿದ ಮೇಲೆ ಸುತ್ತ ಬೆರಳಾಡಿಸಿ, ಪೈಪಿನ ಬಾಯಿಗೆ ತಾವೇ ಉಫ್ ಎಂದು ಊದಿ ನೋಡಿದರು. ನಾವಿರುವಾಗಲೇ ಬೇರೊಂದು ಜೀಪಿನವನು ಲೈಟಿಗೆ ಸಿಲಿಕೋನ್ ಹಾಕಿಸಲು ಬಂದ. "ಮೊದಲು ಕೂತ್ಕೊಳ್ಳಿ, ಒಂದು ವೀಡಿಯೊ ಉಂಟು," ಎನ್ನುವುದು ಕೇಳಿಸಿತು.

ಜುಲೈ ಕೊನೆಗೆ ನನ್ನ ಟೆಸ್ಟು. ಮೈದಾನದಲ್ಲಿ ಇನ್‌ಸ್ಪೆಕ್ಟರ್ ಕಾರುಗಳ ಸುತ್ತ ಒಂದು ಸುತ್ತು ಬಂದರು. ನಮ್ಮ ಕಾರಿನ ಮುಂದೆ ನಿಂತರು. ಅದೇ ಹೊತ್ತಿಗೆ ಮಳೆ ಬಂದು ಹೋಗಿತ್ತು, ಬಲಗಡೆಯ ಗಾಜಿನ ಕೆಳಮೂಲೆಯಲ್ಲಿ ನಾಲ್ಕಾಣೆಯಷ್ಟಗಲ ಮಂಜು ಕಟ್ಟಿತ್ತು.

"ಇದೆಂತ ಮೇಡಂ, ಒಳಗೆ ನೀರಾ?"

"ನೀರಲ್ಲ ಸರ್, ಗಾಳಿಯಲ್ಲಿದ್ದ ತೇವ. ಲೈಟು ಹಾಕ್ತೇನೆ, ಹತ್ತು ನಿಮಿಷ ಬಿಟ್ಟು ನೋಡಿ. ಹೋಗದಿದ್ದರೆ ಕಾರು ತೆಗೆದ್ಕೊಂಡು ಹೋಗ್ತೇನೆ," ಎಂದರು ಫೌಝಿಯಾ ಟೀಚರ್. ಸ್ವರದಲ್ಲಿ ಅಳುಕಿರಲಿಲ್ಲ.

ಇನ್‌ಸ್ಪೆಕ್ಟರ್ ನಿಜಕ್ಕೂ ಹತ್ತು ನಿಮಿಷ ಬಿಟ್ಟು ಬಂದರು. ಗಾಜು ಒಣಗಿತ್ತು. ಅವರು ಬಗ್ಗಿ, ಕೈಯಿಟ್ಟು ನೋಡಿ, ಏನೋ ಕೇಳಬೇಕೆಂದುಕೊಂಡು, ಸಾಲು ಉದ್ದವಿದ್ದುದರಿಂದ ಮುಂದೆ ಹೋದರು. ಕಾರು ಪಾಸಾಯಿತು. ನಾನು ಆಗಲಿಲ್ಲ. ಎಚ್ ಅಕ್ಷರದ ಆಕಾರದಲ್ಲಿ ಹಿಂದೆ ತೆಗೆಯುವಾಗ ಎರಡನೇ ಕಂಬಿಗೆ ಕಾರು ತಾಗಿತು.

ಹಾಗಾಗಿ ಆಗಸ್ಟಿನಲ್ಲೂ ನಾನು ಕ್ಲಾಸಿಗೆ ಹೋದೆ. ಶಾಲೆ ಬಿಟ್ಟು ಬರುವಾಗ ನಾಲ್ಕಾಗುತ್ತಿತ್ತು. ಅಷ್ಟರಲ್ಲಿ ಮುಗಿಯಬೇಕಿದ್ದ ಶಾರ್ಜಾದ ಫೋನು ಇತ್ತೀಚೆಗೆ ಮುಗಿಯುತ್ತಿರಲಿಲ್ಲ. ಒಂದು ದಿನ ನಾನು ಸೀಟಿನಲ್ಲಿ ಕೂತು, ಬೆಲ್ಟು ಕಟ್ಟಿ, ಇಂಜಿನ್ ಚಾಲೂ ಮಾಡಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು. ಫೌಝಿಯಾ ಟೀಚರ್ ಪಕ್ಕದಲ್ಲಿ ಫೋನು ಕಿವಿಗೆ ಒತ್ತಿಕೊಂಡು "ಹೌದಾ? ಹೌದಾ?" ಎನ್ನುತ್ತಿದ್ದರು.

"ಎಂತಂತೆ?" ಎಂದೆ.

"ಅಂಗಡಿಗೆ ಯಾರೋ ಬಂದು ಕೇಳಿದರಂತೆ, ಮಳೆಗೆ ಒದ್ದೆಯಾದರೆ ಹಾರ್ನಿನ ಸ್ವರ ಬದಲಾಗುವುದು ಯಾಕೆ ಅಂತ. ಅಲ್ಲಿ ಮಳೆ ಎಲ್ಲಿಂದ? ನಮ್ಮದು ಬದಲಾಗ್ತದಾ ಅಂತ ಕೇಳ್ತಾ ಇದ್ದಾರೆ." ಅವರು ಕಿಟಕಿಯ ಗಾಜು ಇಳಿಸಿ, ಫೋನನ್ನು ಮಳೆಗೆ ತಾಗದ ಹಾಗೆ ಶಾಲಿನಡಿ ಹಿಡಿದು ಹೊರಗೆ ಚಾಚಿದರು. "ಒತ್ತಿ ಕಮಲ ಟೀಚರ್."

ನಾನು ಹಾರ್ನ್ ಒತ್ತಿದೆ. ಜಗಲಿಯಲ್ಲಿ ಕೂತಿದ್ದ ಹಲೀಮಾ ಬೆಚ್ಚಿ ಎದ್ದು ನಿಂತರು.

"ಇನ್ನೊಮ್ಮೆ," ಎಂದರು ಫೌಝಿಯಾ ಟೀಚರ್, "ಸ್ವಲ್ಪ ಉದ್ದ."